ಮೈನಸ್ ಚಿಹ್ನೆಗೆ ಇನ್ನೊಂದು ಹೆಸರು

9 ಜನವರಿ 2007, ಮಂಗಳವಾರ

ತರಬೇತಿ ಸಂಸ್ಥೆಯವರು ಕೊಟ್ಟಿರುವ ಫೈಲಿನಲ್ಲಿ ದಿನಕ್ಕೆ ಐದು ಸಾಲಿನ ಜಾಗವಿದೆ: ಇವತ್ತು ಏನು ಚೆನ್ನಾಗಿ ನಡೆಯಿತು, ಏನು ನಡೆಯಲಿಲ್ಲ, ನಾಳೆ ಏನು ಬದಲಿಸುತ್ತೀರಿ. ಅದನ್ನು ಇಂಗ್ಲಿಷಿನಲ್ಲಿ ಬರೆದು ವಾರಕ್ಕೊಮ್ಮೆ ನನ್ನ ಮೆಂಟರ್ ಪಾಲಿನ್ ಅವರಿಂದ ಸಹಿ ಹಾಕಿಸಬೇಕು. ಅಲ್ಲಿ ಬರೆಯಲಾಗದ್ದಕ್ಕೆ ಈ ನೋಟ್‌ಬುಕ್. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ, ಹೇಗೆ ಬರುತ್ತದೋ ಹಾಗೆ.

ಇವತ್ತಿನಿಂದ ಈ ಬ್ರಿಟಿಷ್ ಶಾಲೆಯ ಇಯರ್ ಟ್ವೆಲ್ವ್‌ಗೆ, ಅಂದರೆ ನಮ್ಮ ಪಿಯುಸಿ ವಯಸ್ಸಿನವರಿಗೆ, ಗಣಿತದ ಮೆಕ್ಯಾನಿಕ್ಸ್ ಭಾಗ ನನ್ನದು. ಹದಿನಾಲ್ಕು ಮಕ್ಕಳು. ಪಾಲಿನ್ ಹಿಂದೆ ಕೂತು ನೋಡುತ್ತಿದ್ದರು. ನಾನು ಬೋರ್ಡಿನ ಮೇಲೆ v = u + ft ಎಂದು ಬರೆದೆ. ಮೈಸೂರಿನಲ್ಲಿ ನಮಗೆ ಹಾಗೆಯೇ ಕಲಿಸಿದ್ದರು, ವೇಗ ಎಷ್ಟು ಬೇಗ ಹೆಚ್ಚುತ್ತದೆ ಅನ್ನುವುದಕ್ಕೆ f. ಒಬ್ಬ ಹುಡುಗ ಕೈ ಎತ್ತಿ, "ಮಿಸ್, f ಅಂದ್ರೆ ಫೋರ್ಸ್ ಅಲ್ವಾ?" ಅಂದ. ಕೆಲವು ಪುಸ್ತಕಗಳಲ್ಲಿ ಹೀಗೂ ಬರೆಯುತ್ತಾರೆ ಎಂದೆ. ಸುಳ್ಳಲ್ಲ. ಆದರೆ ಅಂಥ ಪುಸ್ತಕ ಆ ಮಕ್ಕಳಲ್ಲಿ ಯಾರೂ ಕಂಡಿಲ್ಲ.

ನಲವತ್ನಾಲ್ಕಕ್ಕೆ ಟೀಚರ್ ಟ್ರೈನಿ. ಎಂ.ಎಸ್ಸಿ. ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಈ ಒಂದು ವರ್ಷ ಶಾಲೆಯಲ್ಲೇ ಕೆಲಸ ಮಾಡುತ್ತ ಕಲಿಯಬೇಕು. ಮೇ ತಿಂಗಳಲ್ಲಿ ಹೊರಗಿನಿಂದ ಒಬ್ಬ ಅಸೆಸರ್ ಬಂದು ಒಂದು ಪಾಠ ನೋಡಿ, ಫೈಲ್ ಓದಿ, ಹೌದು ಅಥವಾ ಇಲ್ಲ ಎನ್ನುತ್ತಾರೆ. ಇಲ್ಲ ಅಂದರೆ ಇನ್ನೊಂದು ವರ್ಷಕ್ಕೆ ಯಾವ ಶಾಲೆಯೂ ನನ್ನನ್ನು ತೆಗೆದುಕೊಳ್ಳುವುದಿಲ್ಲ ಎಂದು ಪಾಲಿನ್ ಮೊದಲೇ ಹೇಳಿದ್ದಾರೆ.

23 ಜನವರಿ

ಇಲ್ಲಿ ಐದು ಸೂತ್ರಗಳನ್ನು ಒಟ್ಟಾಗಿ "ಸುವಾಟ್" ಅನ್ನುತ್ತಾರೆ. s, u, v, a, t ಐದು ಅಕ್ಷರ ಕೂಡಿಸಿ. ದೂರ, ಮೊದಲ ವೇಗ, ಕೊನೆಯ ವೇಗ, ವೇಗದ ಏರಿಕೆ, ಕಾಲ. ಮೂರು ಗೊತ್ತಿದ್ದರೆ ಉಳಿದೆರಡು ಸಿಗುತ್ತವೆ. ಮಕ್ಕಳಿಗೆ ಇದು ಇಷ್ಟ. ನನಗೂ ಇಷ್ಟ.

ಊಟದ ಹೊತ್ತಿಗೆ ಇವರನ್ನು ಕೇಳಿದೆ, ಆಕ್ಸೆಲರೇಶನ್‌ಗೆ ಕನ್ನಡದಲ್ಲಿ ಏನು ಅಂತ. ರಾಜಶೇಖರ್ ತಿಪಟೂರಿನ ಕಡೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವರು.

"ವೇಗೋತ್ಕರ್ಷ," ಅಂದರು ತಟ್ಟನೆ, ಚಪಾತಿ ಮುರಿಯುತ್ತ. "ಸ್ಪೀಡಿಗೆ ಜವ. ವೆಲಾಸಿಟಿಗೆ ವೇಗ. ನಿಮ್ಮ ಸಿಸ್ಟರ್‌ಗಳು ಹೇಳಿಕೊಟ್ಟಿಲ್ವಾ?"

"ಹೇಳಿಕೊಟ್ಟಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ."

ಮೂಳೆ ಡಾಕ್ಟರು ಇನ್ನೂ ಅದನ್ನು ನೆನಪಿಟ್ಟುಕೊಂಡಿದ್ದಾರೆ. ಒಳ್ಳೆಯ ಪದ.

6 ಫೆಬ್ರವರಿ, ಮಂಗಳವಾರ

ಕೊನೆಯಲ್ಲಿ ಒಂದು ಸಣ್ಣ ಗದ್ದಲ ಬಿಟ್ಟರೆ ಪಾಠ ಚೆನ್ನಾಗಿಯೇ ಆಯಿತು.

ರೈಲಿನ ಲೆಕ್ಕ. ಸೆಕೆಂಡಿಗೆ ಮೂವತ್ತು ಮೀಟರ್ ವೇಗದಲ್ಲಿರುವ ರೈಲು ನಾನೂರೈವತ್ತು ಮೀಟರಿನಲ್ಲಿ ನಿಲ್ಲುತ್ತದೆ. ವೇಗೋತ್ಕರ್ಷ ಮೈನಸ್ ಒಂದು. ಎರಡನೇ ಸಾಲಿನ ಹುಡುಗಿಯೊಬ್ಬಳು ಸರಿಯಾಗಿ ಮಾಡಿದ್ದಳು, ಆದರೆ ಮೈನಸ್ ಬಂತಲ್ಲ ಎಂದು ಹೆದರಿ ಅದನ್ನು ಹೊಡೆದುಹಾಕುತ್ತಿದ್ದಳು. ನಾನು ಎಲ್ಲರಿಗೂ ಕೇಳುವ ಹಾಗೆ, ಮೆಚ್ಚಿಕೊಂಡೇ ಹೇಳಿದೆ: "ಹೊಡೆದುಹಾಕಬೇಡ. ಮೈನಸ್ ಬಂದರೆ ಅದಕ್ಕೆ ರಿಟಾರ್ಡೇಶನ್ ಅನ್ನುತ್ತಾರೆ. ನಿನ್ನ ರಿಟಾರ್ಡೇಶನ್ ಸರಿಯಾಗಿಯೇ ಇದೆ."

ಕ್ಲಾಸ್ ನಕ್ಕಿತು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಅವಳ ಕಡೆ ಏನೋ ಅಂದ, ಇನ್ನಷ್ಟು ನಗು. ಹುಡುಗಿ ಪುಸ್ತಕ ಮುಚ್ಚಿ, ಬ್ಯಾಗ್ ಎತ್ತಿಕೊಂಡು ಹೊರಗೆ ಹೋದಳು. ಮೈ ಸರಿಯಿಲ್ಲವೇನೋ ಅಂದುಕೊಂಡೆ. ಐದು ನಿಮಿಷ ಉಳಿದಿತ್ತು. ಲೆಕ್ಕ ಮುಗಿಸಿ, ಬೆಲ್ ಹೊಡೆಯುವ ಹೊತ್ತಿಗೆ ಸರಿಯಾಗಿ ಉತ್ತರದ ಕೆಳಗೆ ಎರಡು ಗೆರೆ ಎಳೆದೆ.

7 ಫೆಬ್ರವರಿ

ಪಾಲಿನ್ ಬೆಳಿಗ್ಗೆಯೇ ಸ್ಟಾಫ್ ರೂಮಿನಿಂದ ಪಕ್ಕಕ್ಕೆ ಕರೆದರು. ಹುಡುಗಿಯ ತಾಯಿ ಶಾಲೆಗೆ ಫೋನ್ ಮಾಡಿದ್ದಾರೆ. ಟೀಚರ್ ನನ್ನ ಮಗಳನ್ನು ಎಲ್ಲರ ಮುಂದೆ ಬುದ್ಧಿಮಾಂದ್ಯಳು ಅಂದರು ಎಂದು. ಹುಡುಗಿಯ ತಮ್ಮ ಸ್ಪೆಷಲ್ ಸ್ಕೂಲಿಗೆ ಹೋಗುತ್ತಾನಂತೆ. ಅದು ಕ್ಲಾಸಿಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ.

"ನಾನು ಆಕೆಯ ಬಗ್ಗೆ ಹೇಳಲಿಲ್ಲ, ರೈಲಿನ ಬಗ್ಗೆ ಹೇಳಿದೆ," ಅಂದೆ.

"ಗೊತ್ತು ಕಣಮ್ಮಾ," ಅಂದರು ಪಾಲಿನ್. ಅವರ "ಬ್ಯಾಬ್" ಅನ್ನುವ ಮಾತಿಗೆ ನನಗೆ ಸಿಗುವ ಹತ್ತಿರದ ಕನ್ನಡ ಅದು. ದೂರಿನ ಫಾರ್ಮ್ ತಾಯಿಗೆ ಕಳಿಸಿದ್ದಾರೆ. ಆಕೆ ಸಹಿ ಹಾಕಿದರೆ ದೂರು ನನ್ನ ಫೈಲಿಗೆ ಸೇರುತ್ತದೆ, ಅಸೆಸರ್ ಓದುತ್ತಾರೆ. ಅವರ ಪಟ್ಟಿಯ ಮೊದಲ ಅಂಶವೇ ಮಕ್ಕಳನ್ನು ಗೌರವದಿಂದ ಕಾಣುವುದು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಸೃಷ್ಟಿ ಫೋರ್ಕ್ ಕೆಳಗಿಟ್ಟಳು. ನನ್ನ ಮಗಳಿಗೆ ಹದಿನೈದು.

"ಅಮ್ಮಾ. ಯು ಸೆಡ್ ದಟ್? ಔಟ್ ಲೌಡ್?"

"ಅದು ಫಿಸಿಕ್ಸ್ ಪದ ಕಣೆ."

"ಇಟ್ಸ್ ವಾಟ್ ದೇ ಶೌಟ್ ಇನ್ ದ ಕಾರಿಡಾರ್."

ಇವರು ನನ್ನ ಪರ ನಿಂತರು. "ಸರಿಯಾದ ಪದ ಅದು. ನಮ್ಮ ಪೀಡಿಯಾಟ್ರಿಕ್ಸ್ ಪುಸ್ತಕದಲ್ಲಿ ಆ ಹೆಸರಿನ ಚಾಪ್ಟರೇ ಇತ್ತು. ನೀನೇನೂ ತಪ್ಪು ಮಾಡಿಲ್ಲ. ಬರೆದು ಕೊಡೋಣ."

ನನಗೂ ಹಾಗೇ ಅನಿಸುತ್ತದೆ. ತಪ್ಪು ಅನ್ನುವುದಕ್ಕೆ ಉದ್ದೇಶ ಬೇಡವೇ?

11 ಫೆಬ್ರವರಿ, ಭಾನುವಾರ

ಮೂರು ಪುಟದ ಪತ್ರ ಸಿದ್ಧವಾಯಿತು. ಇವರೇ ಟೈಪ್ ಮಾಡಿದರು. ಆಸ್ಪತ್ರೆಯಲ್ಲಿ ಎರಡು ಸಲ ರೋಗಿಗಳ ದೂರಿಗೆ ಉತ್ತರ ಕೊಟ್ಟು ಗೆದ್ದವರು, ರೀತಿ ಗೊತ್ತಿದೆ. ಒಂದು, ಎರಡು, ಮೂರು ಎಂದು ಅಂಶಗಳು. ಡಿಕ್ಷನರಿಯ ಝೆರಾಕ್ಸ್. ಶುಕ್ರವಾರ ಶಾಲೆಯ ಗಣಿತ ಸ್ಟೋರ್ ರೂಮಿನಲ್ಲಿ ಹುಡುಕಿದಾಗ ಇಲ್ಲಿಯದೇ ಒಂದು ಹಳೆಯ ಪಠ್ಯಪುಸ್ತಕ ಸಿಕ್ಕಿತ್ತು. ರಿಟಾರ್ಡೇಶನ್ ಹನ್ನೊಂದು ಸಲ ಇದೆ. ಎಣಿಸಿದೆ. ಅದರ ಝೆರಾಕ್ಸೂ ಸೇರಿತು.

ಹನ್ನೊಂದನೆಯದು ಸಿಕ್ಕಾಗ ಎಷ್ಟು ಖುಷಿಯಾಯಿತೆಂದರೆ ನೆಲದ ಮೇಲೆ ಕೂತೇ ನಕ್ಕೆ. ಆಮೇಲೆ, ಇದರಲ್ಲಿ ನಗುವುದೇನಿದೆ ಅನಿಸಿತು.

ಹುಡುಗಿ ಗುರುವಾರದ ಕ್ಲಾಸಿಗೂ ಬರಲಿಲ್ಲ.

18 ಫೆಬ್ರವರಿ, ಭಾನುವಾರ

ಟರ್ಮಿನ ನಡುವಿನ ಒಂದು ವಾರದ ರಜೆ ಮುಗಿಯಿತು. ಟಿವಿಡೇಲ್‌ನ ದೇವಸ್ಥಾನಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಕೆಳಗೆ ಊಟದ ಹಾಲ್‌ಗೆ ಬಂದರೆ ಭಾಗೀರಥಿ ಪುಳಿಯೋಗರೆ ಹಿಡಿದು ಕೂತಿದ್ದರು. ಧಾರವಾಡದವರು, ಓಲ್ಡ್‌ಬರಿಯಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ನನಗಿಂತ ಹತ್ತು ವರ್ಷ ಹಿರಿಯರು, ಬಾಯಿಗೆ ಬಾಗಿಲಿಲ್ಲ. ಅವರಿಗೆ ಎಲ್ಲ ಹೇಳಿದೆ, ಪತ್ರದ ಸಮೇತ.

"ಮೂರ್ ಪುಟ? ನಿನ್ನ ಗಂಡ ಮೊಣಕಾಲ್ ಬಗ್ಗೆ ಬರಿಯೂದನ್ನ ಒಂದ ಪುಟದಾಗ ಮುಗಸ್ತಾನ. ನನಗ ಬರ್ತಾವಲ್ಲ ಅವನ ಲೆಟರ್."

"ನ್ಯಾಯ ನನ್ನ ಕಡೆ ಇದೆ, ಭಾಗೀರಥಿಯವರೇ."

"ಇರಲಿ, ಯಾರ್ ಬ್ಯಾಡಂದ್ರು. ಆ ಹುಡುಗಿ ಹೆಸರೇನ?"

ಸ್ಟೇಸಿ ಹ್ಯಾಡ್ಲಿ. ರಿಜಿಸ್ಟರಿನಲ್ಲಿ ದಿನಾ ಕರೆಯುವ ಹೆಸರು. ಆದರೂ ನೆನಪಿಸಿಕೊಳ್ಳಬೇಕಾಯಿತು.

"ಮೂರ್ ಪುಟದಾಗ ಆಕಿ ಹೆಸರು ಎಲ್ಲೆರೆ ಅದ ಏನು?" ಅಂದರು ಅವರು, ನನ್ನ ತಟ್ಟೆಗೆ ತಮ್ಮ ಹಪ್ಪಳ ಹಾಕುತ್ತ.

ಮನೆಗೆ ಬಂದು ನೋಡಿದೆ. "ಸದರಿ ವಿದ್ಯಾರ್ಥಿನಿ" ಎಂಬರ್ಥದ ಇಂಗ್ಲಿಷ್ ಆರು ಕಡೆ ಇದೆ.

22 ಫೆಬ್ರವರಿ

ಸ್ಟೇಸಿ ಬಂದಿಲ್ಲ. ಗಣಿತ ಬಿಡುತ್ತಾಳಂತೆ, ಬದಲಿಗೆ ಬಿಸಿನೆಸ್ ಸ್ಟಡೀಸ್ ಎಂದು ಯಾರೋ ಹೇಳಿದರು. ಜನವರಿ ಪರೀಕ್ಷೆಯಲ್ಲಿ ಶುದ್ಧ ಗಣಿತದಲ್ಲಿ ಕ್ಲಾಸಿಗೇ ಎರಡನೆಯವಳು ಅವಳು.

1 ಮಾರ್ಚ್, ಗುರುವಾರ

ಇವತ್ತು ತಾಯಿ ಬಂದಿದ್ದರು. ಮಧ್ಯಾಹ್ನ ಮೂರೂವರೆಗೆ, ಪಾಲಿನ್ ಅವರ ಚಿಕ್ಕ ಕೋಣೆ. ಮಿಸೆಸ್ ಹ್ಯಾಡ್ಲಿ ಬಸ್ ಡ್ರೈವರ್. ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದರು. ಕೋಟು ಬಿಚ್ಚಲಿಲ್ಲ. ಪತ್ರ ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿತ್ತು.

ನಾನು ಶುರು ಮಾಡಿದೆ. ಈ ಪದ ನಮ್ಮ ಕಡೆ ಪುಸ್ತಕದಲ್ಲಿದೆ, ಇಲ್ಲಿಯ ಹಳೆಯ ಪುಸ್ತಕಗಳಲ್ಲೂ ಇದೆ, ನಿಧಾನವಾಗುವುದು ಎಂದಷ್ಟೇ ಅರ್ಥ.

"ಇದ್ದೇ ಇರುತ್ತೆ," ಅಂದರು ಆಕೆ. ಜಗಳದ ದನಿಯಲ್ಲ, ದಣಿದ ದನಿ. "ನಮ್ಮ ಮಗ ಡ್ಯಾನಿಯಲ್‌ಗೆ ಎರಡು ವರ್ಷ ಆದಾಗ ಡಾಕ್ಟರ್ ಕೊಟ್ಟ ಕಾಗದದಲ್ಲೂ ಇತ್ತು. ಅವರೂ ಪುಸ್ತಕ ನೋಡಿಯೇ ಬರೆದಿದ್ದು. ಸ್ಪೆಲಿಂಗ್ ಕೂಡ ಸರಿಯಾಗಿತ್ತು."

ನಾನು ಕವರ್ ತೆರೆಯಲಿಲ್ಲ.

"ನೀವು ಬೇಕಂತ ಅಂದ್ರಿ ಅಂತ ನಮ್ಮ ಸ್ಟೇಸಿ ಹೇಳ್ತಿಲ್ಲ," ಅಂದರು. "ಮೊದಲ ದಿನ ನಾನು ಹಾಗೇ ತಿಳ್ಕೊಂಡಿದ್ದೆ. ಅವಳು ಹೇಳೋದು ಬೇರೆ. ಅವರೆಲ್ಲ ನಕ್ಕರು, ಹಿಂದಿನ ಸಾಲಿನ ಆಡಮ್ ಅವಳ ತಮ್ಮನ ಹೆಸರು ಹಿಡಿದು ಅಂದ, ಮಿಸ್ ತಿರುಗಿ ಲೆಕ್ಕ ಮಾಡ್ತಾ ಹೋದ್ರು ಅಂತ. ಹೌದಾ?"

ಹೌದು ಅಂದೆ. ಐದು ನಿಮಿಷ ಉಳಿದಿತ್ತು ಎಂದು ಹೇಳಲೇ?

ಏಳುವಾಗ ಆಕೆ ಕೇಳಿದರು, "ಇಷ್ಟಕ್ಕೂ ಏನು ಕಲಿಸ್ತೀರಿ ಅಲ್ಲಿ?"

ಗಾಡಿ ಹೇಗೆ ಹೊರಡುತ್ತದೆ, ಹೇಗೆ ನಿಲ್ಲುತ್ತದೆ ಎಂದೆ. ಆಕೆಯ ಮುಖದಲ್ಲಿ ಮೊದಲ ಸಲ ಏನೋ ಅಲುಗಿತು. "ಹೇಗೆ ನಿಲ್ಲುತ್ತೆ, ನಿಮ್ಮ ಪುಸ್ತಕದಲ್ಲಿ?"

ಪಾಲಿನ್ ಅವರ ಕಾಗದದ ಮೇಲೆ ವೇಗ ಕಾಲದ ಗ್ರಾಫ್ ಬರೆದೆ. ಮೇಲಿನಿಂದ ಕೆಳಕ್ಕೆ ಒಂದು ನೇರ ಗೆರೆ.

"ಹೀಗೆ ನಿಲ್ಲಿಸಿದ್ರೆ ಅಜ್ಜಿಯರೆಲ್ಲ ನನ್ನ ತೊಡೆ ಮೇಲೆ ಬಂದು ಕೂತಿರ್ತಾರೆ," ಅಂದರು. "ಕೊನೇಲಿ ಬ್ರೇಕ್ ಬಿಡಬೇಕು, ಸ್ವಲ್ಪ ಸ್ವಲ್ಪ. ನಿಂತಿದ್ದೇ ಗೊತ್ತಾಗಬಾರದು." ಬೆರಳಿನಿಂದ ಕಾಗದದ ಮೇಲೆ ಒಂದು ಬಾಗಿದ ಗೆರೆ ಎಳೆದರು. ಮೊದಲು ಕಡಿದಾಗಿ ಇಳಿದು, ಆಮೇಲೆ ಮಲಗಿಕೊಂಡು ನೆಲ ಮುಟ್ಟುವ ಗೆರೆ.

ಬಾಗಿಲ ಹತ್ತಿರ ನಿಂತು, "ಫಾರ್ಮಿಗೆ ಸಹಿ ಹಾಕ್ತೀನಿ. ಹಾಕಲ್ಲ ಅಂದ್ಕೋಬೇಡಿ," ಅಂದರು. "ನಾಳೆ ಇನ್ನೊಬ್ಬರ ಮಗುಗೆ ಆಗಬಾರದು. ಆದ್ರೆ ಸ್ಟೇಸಿನ ಕಳಿಸ್ತೀನಿ."

ಮನೆಯಲ್ಲಿ ಇವರಿಗೆ ಇದೆಲ್ಲ ಹೇಳಲಿಲ್ಲ. ಪತ್ರ ಕೊಟ್ಟೆಯಾ ಅಂದರು. ಇನ್ನೂ ಇಲ್ಲ ಅಂದೆ.

6 ಮಾರ್ಚ್

ಬಂದಳು. ಬಾಗಿಲ ಪಕ್ಕದ ಕುರ್ಚಿ. ಕ್ಲಾಸ್ ಶುರುವಾಗುವ ಮುಂಚೆ ಹೊರಗೆ ಕರೆದು, "ಅವರು ನಕ್ಕಿದ್ದು ನನಗೆ ಕೇಳಿಸಿತ್ತು. ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ," ಅಂದೆ.

"ಪರವಾಗಿಲ್ಲ ಮಿಸ್," ಅಂದಳು. ದನಿ ಮಾತ್ರ ಹಾಗೆ ಅನ್ನಲಿಲ್ಲ.

ದೂರು ಫೈಲಿಗೆ ಸೇರಿತು, ಹಳದಿ ಕಾಗದ. ಕೆಳಗೆ ಟ್ರೈನಿಯ ಉತ್ತರ ಎಂದು ಒಂದು ಖಾಲಿ ಚೌಕ.

20 ಮಾರ್ಚ್

ನಿನ್ನೆ ಯುಗಾದಿ, ಬೇವಿನ ಎಲೆ ಸಿಗಲಿಲ್ಲ, ಬೆಲ್ಲ ಮಾತ್ರ.

ಪಾಠ ಹಿಂದೆ ಬಿದ್ದಿದೆ. ಹಗ್ಗ, ರಾಟೆಯ ಲೆಕ್ಕ ಇವತ್ತು ಮುಗಿಯಬೇಕಿತ್ತು. ಅರ್ಧದಲ್ಲಿ ಆಡಮ್, ಪೆನ್ ಬೀಳಿಸಿದ ಇನ್ನೊಬ್ಬ ಹುಡುಗನಿಗೆ ಆ ಪದ ಅಂದ, ಮೆಲ್ಲಗೆ. ನಾನು ಪೆನ್ ಕೆಳಗಿಟ್ಟೆ. ಎದ್ದು ನಿಲ್ಲು ಅನ್ನಲಿಲ್ಲ, ಕೂಗಲಿಲ್ಲ. ಇನ್ನೊಮ್ಮೆ ಹೇಳು ಅಂದೆ. ಹೇಳಲಿಲ್ಲ. ಅರ್ಥ ಏನು ಹೇಳು ಅಂದೆ. ಅದೂ ಇಲ್ಲ. ಹಾಗಾದರೆ ನನ್ನ ಅರ್ಥ ಹೇಳುತ್ತೇನೆ ಎಂದು, ಫೆಬ್ರವರಿಯಲ್ಲಿ ನಾನು ಆ ಪದ ಯಾಕೆ ಬಳಸಿದೆ, ಅದು ಎಲ್ಲಿಂದ ಬಂತು, ಯಾಕೆ ಇನ್ನು ಬಳಸುವುದಿಲ್ಲ ಎಂದು ಹೇಳಿದೆ. ಸ್ಟೇಸಿಯ ಹೆಸರು ಎತ್ತಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಕೊನೆಗೆ ಆಡಮ್ ಆ ಹುಡುಗನಿಗೆ ಸಾರಿ ಅಂದ.

ಹನ್ನೊಂದು ನಿಮಿಷ ಹೋಯಿತು. ರಾಟೆ ಮುಗಿಯಲಿಲ್ಲ. ಫೈಲಿನಲ್ಲಿ ಏನು ನಡೆಯಲಿಲ್ಲ ಎಂಬ ಜಾಗದಲ್ಲಿ ಅದನ್ನೇ ಬರೆದೆ. ಸಮಯ ಹಂಚುವುದನ್ನು ಇನ್ನೂ ಕಲಿಯಬೇಕು.

22 ಮಾರ್ಚ್

ಸ್ಟೇಸಿ ಎರಡನೇ ಸಾಲಿನಲ್ಲಿ.

24 ಏಪ್ರಿಲ್, ಮಂಗಳವಾರ

ಅಸೆಸರ್ ಬರುವ ದಿನ ಗೊತ್ತಾಯಿತು, ಮೇ ಎಂಟು. ಮಿಸೆಸ್ ಹ್ಯಾಡ್ಲಿ ಹೇಳಿದ ಹಾಗೆ ನಿಲ್ಲುವ ಬಸ್ಸಿನ ಪಾಠ ಮಾಡುತ್ತೇನೆ ಅಂದೆ. ಸ್ಥಿರವಲ್ಲದ ವೇಗೋತ್ಕರ್ಷ. ಪಾಲಿನ್ ಕನ್ನಡಕ ತೆಗೆದರು.

"ಅದು ಮುಂದಿನ ವರ್ಷದ್ದು. ಸುವಾಟ್ ರಿವಿಷನ್ ಮಾಡು, ಕಣ್ಮುಚ್ಚಿ ಪಾಸಾಗ್ತೀಯ. ನಿನ್ನ ಫೈಲಲ್ಲಿ ಹಳದಿ ಕಾಗದ ಬೇರೆ ಇದೆ."

ಮಕ್ಕಳು ಇಂಟಿಗ್ರೇಶನ್ ಈಗಾಗಲೇ ಕಲಿತಿದ್ದಾರೆ, ಇದಕ್ಕೆ ಬೇರೇನೂ ಬೇಡ ಅಂದೆ. ಅವರು ನಿಟ್ಟುಸಿರು ಬಿಟ್ಟು, ಇದನ್ನು ನಾನು ಹೇಳಿದ್ದೆ ಅಂತ ಬರೆದಿಟ್ಟುಕೋ ಅಂದರು. ಬರೆದಿದ್ದೇನೆ.

ಯೋಚಿಸಿದರೆ ಅವರು ಹೇಳಿದ್ದೇ ಸರಿ ಇರಬಹುದು.

29 ಏಪ್ರಿಲ್, ಭಾನುವಾರ

ಲೆಕ್ಕ ಕೂಡಿಬಂತು. ಸೆಕೆಂಡಿಗೆ ಹನ್ನೆರಡು ಮೀಟರ್ ವೇಗದ ಬಸ್. ಮೊದಲು ಬ್ರೇಕ್ ಎರಡರಷ್ಟು, ಆಮೇಲೆ ಸೆಕೆಂಡಿಗೆ ಆರನೇ ಒಂದರಷ್ಟು ಸಡಿಲ. ಹನ್ನೆರಡು ಸೆಕೆಂಡಿಗೆ ವೇಗವೂ ಸೊನ್ನೆ, ಬ್ರೇಕೂ ಸೊನ್ನೆ. ಇಂಟಿಗ್ರೇಟ್ ಮಾಡಿದರೆ ನಲವತ್ತೆಂಟು ಮೀಟರ್. ಮೊದಲಿನ ಬ್ರೇಕ್ ಕೊನೆತನಕ ಹಾಗೇ ಇರುತ್ತದೆ ಎಂದುಕೊಂಡು ಸುವಾಟ್ ಹಾಕಿದರೆ ಮೂವತ್ತಾರು. ಹನ್ನೆರಡು ಮೀಟರ್ ತಪ್ಪು.

ಇವರು ಹಿಂದೆ ಬಂದು ನಿಂತು ನೋಡಿದರು. "ಪತ್ರ ಫೈಲಿಗೆ ಹಾಕಿದ್ಯಾ? ಖಾಲಿ ಬಿಟ್ರೆ ಒಪ್ಪಿಕೊಂಡ ಹಾಗೆ."

"ಬ್ಯಾಗಲ್ಲಿದೆ ರೀ."

"ದಾಕ್ಷಾಯಣಿ, ಇಲ್ಲಿ ಸುಮ್ಮನಿದ್ದವರನ್ನ ತುಳಿದುಕೊಂಡು ಹೋಗ್ತಾರೆ. ನಾನು ಹದಿನೈದು ವರ್ಷ ನೋಡಿದೀನಿ."

ಅವರು ನೋಡಿರುವುದು ಸುಳ್ಳಲ್ಲ. ಇಬ್ಬರಿಗೂ ಕಾಫಿ ಮಾಡಿದೆ. ಅವರು ಕುಡಿದು ಹೋದ ಮೇಲೆ ಲೆಕ್ಕವನ್ನು ಇನ್ನೊಮ್ಮೆ ನೋಡಿದೆ.

8 ಮೇ, ಮಂಗಳವಾರ

ಕ್ರಮವಾಗಿ ಬರೆಯುತ್ತೇನೆ.

ಅಸೆಸರ್ ಒಂಬತ್ತಕ್ಕೆ ಬಂದರು. ತೆಳ್ಳಗಿನ ಮನುಷ್ಯ, ಟೀ ಬೇಡ ಅಂದರು. ಪಾಠಕ್ಕೆ ಮುಂಚೆ ಫೈಲ್ ತಿರುವಿ, ಹಳದಿ ಕಾಗದದ ಹತ್ತಿರ ನಿಲ್ಲಿಸಿ, ಚೌಕ ಖಾಲಿಯಿದೆ, ನಿಮ್ಮ ಉತ್ತರ ಇದ್ದರೆ ಈಗಲೂ ಸೇರಿಸಬಹುದು ಅಂದರು. ಬ್ಯಾಗಿನಲ್ಲಿ ಮೂರು ಪುಟ ಇತ್ತು. ಕೈ ಅಲ್ಲಿಗೆ ಹೋಗಿದ್ದೂ ನಿಜ. ಪೆನ್ ಕೇಳಿ ಚೌಕದಲ್ಲಿ ಬರೆದೆ: ದೂರಿನಲ್ಲಿ ಇರುವುದು ನಡೆದಿದೆ. ಸ್ಟೇಸಿ ಹ್ಯಾಡ್ಲಿಯನ್ನು ನೋಡಿ ಇತರರು ನಕ್ಕಾಗ ನಾನು ಪಾಠ ನಿಲ್ಲಿಸಲಿಲ್ಲ.

"ಇಷ್ಟೇನಾ?" ಅಂದರು.

"ಇಷ್ಟೇ."

ಪಾಠ. ಮೊದಲು ಸುವಾಟ್ ಹಾಕಿ ಎಲ್ಲರೂ ಮೂವತ್ತಾರು ತಂದರು. ಬಸ್ ಸ್ಟಾಪ್ ನಲವತ್ತೆಂಟರಲ್ಲಿದೆ, ಈಗ ಏನು ಮಾಡುತ್ತೀರಿ ಅಂದೆ. ಆಡಮ್, "ನಡೆದುಕೊಂಡು ಹೋಗ್ತೀವಿ ಮಿಸ್," ಅಂದ. ಅಸೆಸರ್ ಕೂಡ ನಕ್ಕರು. ಬ್ರೇಕ್ ಬದಲಾಗುತ್ತಿದ್ದರೆ ಐದೂ ಸೂತ್ರ ಕೈಬಿಡಬೇಕು ಎಂಬುದು ಅರ್ಥವಾಗಲು ಇಪ್ಪತ್ತು ನಿಮಿಷ ಹಿಡಿಯಿತು. ನಾನು ಯೋಜನೆಯಲ್ಲಿ ಬರೆದದ್ದು ಹತ್ತು. ಆಗ ಸ್ಟೇಸಿ ಕೈ ಎತ್ತಿದಳು.

"ಇದು ನಿಜವಾದ ಬಸ್ ಅಲ್ಲ ಮಿಸ್." ಮಡಿಸಿದ ಕಾಗದ ತೆಗೆದಳು. ಬಸ್ ನಿಲ್ಲುವ ಪಾಠ ಎಂದು ಹೋದ ವಾರವೇ ಕ್ಲಾಸಿಗೆ ಹೇಳಿದ್ದೆ. ಶನಿವಾರ ಅಮ್ಮನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು, ಸ್ಪೀಡೋಮೀಟರ್ ನೋಡಿ, ಎಂಟು ಸ್ಟಾಪಿನಲ್ಲಿ ಎರಡೆರಡು ಸೆಕೆಂಡಿಗೆ ವೇಗ ಬರೆದುಕೊಂಡಿದ್ದಾಳೆ. ಬೋರ್ಡಿಗೆ ಬಂದು ಚುಕ್ಕಿ ಇಟ್ಟಳು. ಅವಳ ಅಮ್ಮ ಮೊದಲೂ ಮೆಲ್ಲಗೆ ಒತ್ತುತ್ತಾರೆ, ನಡುವೆ ಜೋರು, ಕೊನೆಗೆ ಬಿಡುತ್ತಾರೆ. ನನ್ನ ಗೆರೆ ಮೊದಲ ಕ್ಷಣದಲ್ಲೇ ಪೂರ್ತಿ ಬ್ರೇಕ್ ಒತ್ತಿಬಿಟ್ಟಿತ್ತು.

"ಇದರಲ್ಲಿ ಮುಂದಕ್ಕೆ ಬೀಳ್ತಾರೆ," ಅಂದಳು ನನ್ನ ಗೆರೆ ತೋರಿಸಿ, "ಶುರುವಿನಲ್ಲಿ."

ಹೌದಲ್ಲ. ಎರಡು ವಾರ ಅದನ್ನೇ ನೋಡಿದ್ದೇನೆ, ಕಂಡಿರಲಿಲ್ಲ. ನನ್ನದನ್ನು ಒರೆಸಿ ಅವಳ ಚುಕ್ಕಿಗಳನ್ನು ಉಳಿಸಿದೆ. ಅವುಗಳಿಗೆ ಹೊಂದುವ ಸಮೀಕರಣ ಮುಗಿಯುವ ಮುಂಚೆ ಬೆಲ್ ಹೊಡೆಯಿತು. ಯಾರೂ ಏಳಲಿಲ್ಲವಾದ್ದರಿಂದ ಏಳು ನಿಮಿಷ ಹೆಚ್ಚಾಯಿತು.

ಅಸೆಸರ್ ಒಂದು ಗಂಟೆ ಪಾಲಿನ್ ಜೊತೆ ಕೂತು ಆಮೇಲೆ ನನ್ನನ್ನು ಕರೆದರು. ಸಮಯ ಪಾಲನೆ ದುರ್ಬಲ. ಪಾಠ ಸಿಲಬಸ್ಸಿನ ಹೊರಗೆ. ದೂರು ದಾಖಲೆಯಲ್ಲೇ ಉಳಿಯುತ್ತದೆ, ಮುಂದಿನ ಶಾಲೆಯವರು ಕೇಳಿದರೆ ತೋರಿಸಬೇಕು. ಪಾಸ್ ಎಂದು ಶಿಫಾರಸು ಮಾಡುತ್ತಿದ್ದೇನೆ ಅಂದರು, ಅದೇ ದನಿಯಲ್ಲಿ, ಅದೂ ಒಂದು ದೋಷ ಎಂಬಂತೆ. ಹಾಗಾಗಿ ನನಗೆ ಸ್ವಲ್ಪ ತಡವಾಗಿ ಕೇಳಿಸಿತು.

ಫೈಲ್ ಹಿಡಿದು ಹೊರಗೆ ಬಂದರೆ ಕಾರಿಡಾರಿನಲ್ಲಿ ಸ್ಟೇಸಿ. ಕೈಯಲ್ಲಿ ಮುಂದಿನ ವರ್ಷದ ವಿಷಯಗಳ ಫಾರ್ಮ್.

"ಸೆಪ್ಟೆಂಬರಲ್ಲಿ ನೀವಿರ್ತೀರಾ ಮಿಸ್? ಇವತ್ತು ಕೊಡಬೇಕು ಇದನ್ನ."

"ಗೊತ್ತಿಲ್ಲ. ಶಾಲೆಯವರು ಇನ್ನೂ ಏನೂ ಹೇಳಿಲ್ಲ."

ಅವಳು ಫಾರ್ಮ್ ನೋಡಿದಳು. ಗಣಿತ, ಅದರ ಕೆಳಗೆ ಬಿಸಿನೆಸ್ ಸ್ಟಡೀಸ್.

"ನಾನಿರಲಿ, ಬಿಡಲಿ," ಅಂದೆ, "ಆ ಚುಕ್ಕಿಗಳಿಗೆ ಇನ್ನೂ ಸಮೀಕರಣ ಸಿಕ್ಕಿಲ್ಲ."

ಗೋಡೆಗೆ ಒತ್ತಿ ಬರೆಯಲು ನೋಡಿದಳು. ಉಬ್ಬುತಗ್ಗಿನ ಗೋಡೆ, ಪೆನ್ ಕಾಗದ ತೂತು ಮಾಡಿತು. ನನ್ನ ಫೈಲನ್ನು ಎರಡೂ ಕೈಯಲ್ಲಿ ಮಟ್ಟಸವಾಗಿ ಹಿಡಿದೆ. ಅವಳು ಅದರ ಮೇಲೆ ಫಾರ್ಮ್ ಇಟ್ಟು ಗಣಿತದ ಮುಂದೆ ಟಿಕ್ ಹಾಕಿದಳು.